ಜಲಜತ್ತೆಯ ತಾತ್ಸಾರ

ಮೊನ್ನೆ ನಮ್ಮ ಶಾಲೆಯ ಆನ್‌ಲೈನ್ ಮೀಟಿಂಗಿನಲ್ಲಿ ನನ್ನ ಮರ್ಯಾದೆ ಸ್ವಲ್ಪ ಹೋಯಿತು. ಮೇಲಿನವರೊಬ್ಬರು ಮಕ್ಕಳಿಗೆ ಗಣಿತವನ್ನು ಆನಂದಮಯವಾಗಿ ಕಲಿಸುವುದು ಹೇಗೆ ಎಂದು ಬಹಳ ಹೊತ್ತಿನಿಂದ ಆನಂದವಿಲ್ಲದೆ ವಿವರಿಸುತ್ತಿದ್ದರು. ನಾನು ಕೋಟದ ನಮ್ಮ ಮನೆಯಲ್ಲಿ ಕುಳಿತು, ಕೇಳಿಸಿಕೊಳ್ಳುತ್ತಿದ್ದೇನೆ ಎಂದು ನಂಬಿಕೊಂಡಿದ್ದೆ. ಅಷ್ಟರಲ್ಲಿ ಪಕ್ಕದ ತರಗತಿಯ ಟೀಚರಿಂದ ಮೊಬೈಲಿಗೆ ಮೆಸೇಜು ಬಂತು: "ಮೇಡಂ, ಕ್ಯಾಮರಾ ಆನ್ ಇತ್ತ್. ಮೋರಿ ಸಮ ಮಾಡ್ಕಣಿ."

ನನ್ನ ಮುಖಕ್ಕೆ ಏನಾಗಿದೆ ಎಂದು ಗಾಬರಿಯಾಗಿ ನೋಡಿದರೆ, ಪರದೆಯ ಮೂಲೆಯ ನನ್ನ ಸಣ್ಣ ಚೌಕದಲ್ಲಿ ಒಬ್ಬಳು ಹೆಂಗಸು ಕೆಳದುಟಿಯನ್ನು ಮುಂದಕ್ಕೆ ತಳ್ಳಿ, ಅದನ್ನು ಎಡಕ್ಕೆ ಹೊರಳಿಸಿ, ಗಲ್ಲವನ್ನು ಹೆಗಲಿನ ತನಕ ಒಯ್ದು, ಅರ್ಧ ಮುಚ್ಚಿದ ಕಣ್ಣಿನಿಂದ ಇಡೀ ಶಿಕ್ಷಣ ಇಲಾಖೆಯನ್ನು ನೋಡುತ್ತಿದ್ದಳು. ಆ ಮುಖದ ಒಡತಿಯನ್ನು ನಾನು ಚೆನ್ನಾಗಿ ಬಲ್ಲೆ. ಅವಳು ಬೀಜಾಡಿಯ ಜಲಜತ್ತೆ, ನನ್ನ ಅಪ್ಪನ ತಂಗಿ.

ಪುಸ್ತಕದ ಕನ್ನಡದಲ್ಲಿ ತಿರಸ್ಕಾರ, ಅವಹೇಳನ, ಉಪೇಕ್ಷೆ ಅಂತೆಲ್ಲ ಇವೆ. ಅವು ಕೋಟು ಹಾಕಿಕೊಂಡು ಬರುವ ಪದಗಳು. ನಮ್ಮ ಕುಂದಾಪುರದ ಕಡೆಯ ತಾತ್ಸಾರಕ್ಕೆ ಅಷ್ಟು ಬಟ್ಟೆ ಬೇಕಾಗುವುದಿಲ್ಲ. ಒಂದು "ಹೌದಾ" ಸಾಕು. ನೀವು ನಮ್ಮ ಕಡೆಯವರಾದರೆ ಗೊತ್ತಿರುತ್ತದೆ, ಆ "ಹೌದಾ"ವನ್ನು ಚಿಕ್ಕದಾಗಿ ಹೇಳಿದರೆ ಅದು ಪ್ರಶ್ನೆ. ಕೊನೆಯನ್ನು ಸ್ವಲ್ಪ ಎಳೆದು, ಎಳೆದದ್ದನ್ನು ಮೇಲಿಂದ ಕೆಳಕ್ಕೆ ಇಳಿಸಿದರೆ, ನೀನು ಹೇಳುತ್ತಿರುವುದು ಸುಳ್ಳು, ಅದು ನನಗೂ ಗೊತ್ತು, ಊರಿಗೂ ಗೊತ್ತು, ಆದರೂ ಮುಂದುವರಿಸು ಎಂದು ಅರ್ಥ. ಇನ್ನು ಮೂಗಿನಿಂದ ಬಿಡುವ ಒಂದು "ಹುಂ" ಇದೆ. ಅದನ್ನು ಬರೆಯುವುದಕ್ಕೆ ಅಕ್ಷರ ಸಾಲದು. ಜಲಜತ್ತೆ ಅದನ್ನು ಅಂಗಳದಲ್ಲಿ ನಿಂತು ಬಿಟ್ಟರೆ ರಸ್ತೆಯಲ್ಲಿ ಹೋಗುವವರು ತಮ್ಮ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನನ್ನ ಅಪ್ಪ ಅಮ್ಮ ಇದ್ದದ್ದು ಸಿದ್ದಾಪುರದ ಒಳಗೆ, ಬಸ್ಸು ಇಳಿದು ಗುಡ್ಡ ಹತ್ತುವಲ್ಲಿ. ಹೈಸ್ಕೂಲಿಗೆ ಬಂದಾಗ ನನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟರು. ಬೀಜಾಡಿಯಲ್ಲಿ ಮನೆಯಿಂದ ಹೊರಬಿದ್ದರೆ ಮರಳು, ಮರಳು ದಾಟಿದರೆ ಸಮುದ್ರ. ತಲೆಗೂದಲಲ್ಲೂ ಅನ್ನದಲ್ಲೂ ಒಂದೆರಡು ಮರಳಿನ ಕಣ ಸಿಕ್ಕಿಯೇ ಸಿಗುತ್ತಿತ್ತು. ಅತ್ತೆ ನನ್ನನ್ನು ಒಮ್ಮೆಯಾದರೂ ಹೊಗಳಿದ್ದು ನೆನಪಿಲ್ಲ. ಹತ್ತನೆಯ ತರಗತಿಯಲ್ಲಿ ನಾನು ಶಾಲೆಗೇ ಮೊದಲಿಗಳಾಗಿ ಬಂದಾಗ ಓಡಿ ಬಂದು ಹೇಳಿದೆ. ಅತ್ತೆ ಮೀನು ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

"ಹೌದಾ, ಉಳ್ದ್ ಮಕ್ಳೆಲ್ಲ ಪರೀಕ್ಷಿಗೇ ಹೋಯ್ಲಿಲ್ಯಾ?" ಎಂದು ಕೇಳಿದಳು.

ನಾನು ಮುಖ ಊದಿಸಿಕೊಂಡು ಕೂತೆ. ಮಧ್ಯಾಹ್ನ ಊಟಕ್ಕೆ ಕರೆದಾಗ ನೋಡುತ್ತೇನೆ, ಇದ್ದದ್ದರಲ್ಲಿ ದೊಡ್ಡ ಬಂಗುಡೆ ನನ್ನ ತಟ್ಟೆಯಲ್ಲಿತ್ತು. ಮಾವನ ತಟ್ಟೆಯಲ್ಲಿ ಬಾಲ. ಮಾವ ಆ ಬಾಲವನ್ನು ನೋಡಿ ನನ್ನ ಕಡೆ ನೋಡಿ, ನೀನು ಚೆನ್ನಾಗಿ ಮಾರ್ಕು ತೆಗೆದಿರಬೇಕು ಎಂದರು. ಅತ್ತೆಯ ಭಾಷೆಗೆ ಅನುವಾದಕರಾಗಿ ಅವರು ಜೀವನ ಸವೆಸಿದವರು.

ನನಗೆ ಮಗಳು ಹುಟ್ಟಿದಾಗಿನ ಕಥೆಯೇ ಬೇರೆ. ನನ್ನ ಗಂಡನ ಮನೆ ಹಾಸನದ ಕಡೆ. ಮಗುವನ್ನು ನೋಡಲು ಬಂದ ನನ್ನ ಅತ್ತೆಯವರು, ಗಂಡನ ತಾಯಿ, ಒಳ್ಳೆಯ ಮೃದು ಮಾತಿನ ಹೆಂಗಸು. ಅವರು ತೊಟ್ಟಿಲ ಪಕ್ಕ ಕೂತು ಮೊಮ್ಮಗಳನ್ನು ಚಂದ್ರನಿಗೆ, ಬೆಣ್ಣೆಗೆ, ರೇಷ್ಮೆಗೆ ಹೋಲಿಸುತ್ತಿದ್ದಾಗ ಜಲಜತ್ತೆ ಬಂದಳು. ಕೈಕಾಲು ತೊಳೆದು ಒಳಗೆ ಬಂದು, ತೊಟ್ಟಿಲಿಗೆ ಬಗ್ಗಿ ನೋಡಿದಳು. ಕೆಳದುಟಿ ಹೊರಳಿತು.

"ಎಂತ ಮರಾಯ್ತಿ ಇದ್, ಒಣ್ ಶೆಟ್ಲಿ ಕಣಗ್ ಇತ್ತಲೆ" ಎಂದಳು.

ಎಳೆ ಮಗುವನ್ನು ಚೆಂದ ಎಂದರೆ ದೃಷ್ಟಿ ತಾಗುತ್ತದೆ, ಹಾಗಾಗಿ ಪ್ರೀತಿ ಹೆಚ್ಚಿದಷ್ಟೂ ಹೀಯಾಳಿಸಬೇಕು, ಇದು ನಮ್ಮ ಹಳೆಯ ಹೆಂಗಸರ ಕಾಯಿದೆ. ಹಾಸನದ ಅತ್ತೆಯವರಿಗೆ ಅದು ತಿಳಿಯದು. ಅವರು ಮೆಲ್ಲನೆ ನನ್ನನ್ನು, ಶೆಟ್ಲಿ ಅಂದರೆ ಏನಮ್ಮ ಎಂದು ಕೇಳಿದರು. ಒಣಗಿಸಿದ ಸಿಗಡಿ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಒಂದು ಜಾತಿಯ ಹೂವು ಎಂದೆ. ಆಮೇಲೆ ಅವರು ಮಗುವನ್ನು ಎತ್ತಿಕೊಂಡಾಗಲೆಲ್ಲ "ನನ್ನ ಶೆಟ್ಲಿ ಹೂವೇ" ಎಂದು ಮುದ್ದು ಮಾಡುತ್ತಿದ್ದರು. ಜಲಜತ್ತೆ ಅದನ್ನು ಕೇಳಿ ನಗದೆ ಇರುವುದಕ್ಕಾಗಿ ಎದ್ದು ಬಚ್ಚಲಿಗೆ ಹೋಗುತ್ತಿದ್ದಳು. ಬೀಜಾಡಿಗೆ ಮರಳುವ ಮೊದಲು ಮಗುವಿಗೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದೂ ಅವಳೇ.

ನಾನು ಈ ವಿದ್ಯೆಯನ್ನು ಕಲಿಯಲು ಪ್ರಯತ್ನಿಸಿದವಳು. ಒಮ್ಮೆ ಹೋಂವರ್ಕ್ ಮಾಡದ ಹುಡುಗಿಯೊಬ್ಬಳನ್ನು ನಿಲ್ಲಿಸಿ, ಬೈಯದೆ, ಅತ್ತೆಯ ಹಾಗೆ ತುಟಿ ಹೊರಳಿಸಿ ನೋಡಿದೆ. ಆ ಮಗು ಕನಿಕರದಿಂದ, ಟೀಚರ್, ಹಲ್ಲು ನೋವಾ ಎಂದು ಕೇಳಿತು. ಬೇಕೆಂದಾಗ ಬಾರದ ಕಲೆ ಬೇಡವಾದಾಗ ಕ್ಯಾಮರಾದ ಮುಂದೆ ಬರುತ್ತದೆ, ನೋಡಿ.

ಅತ್ತೆಗೆ ಸರಿಸಾಟಿಯಾಗಿ ಇದ್ದವರು ಒಬ್ಬರೇ, ಎದುರು ಮನೆಯ ಕುಸುಮಕ್ಕ. ಅವರ ಗಂಡ ಮುಂಬಯಿಯಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಹರೆಯವನ್ನೆಲ್ಲ ಅಲ್ಲಿ ಕಳೆದು ಊರಿಗೆ ಬಂದ ಕುಸುಮಕ್ಕನ ಬತ್ತಳಿಕೆಯಲ್ಲಿ ನಮ್ಮ ಕನ್ನಡದ ಜೊತೆಗೆ ಹಿಂದಿಯ ಬಾಣಗಳೂ ಇದ್ದವು. ಮೊದಲು ಇಬ್ಬರೂ ಸ್ನೇಹಿತೆಯರೇ. ಒಂದು ಮದುವೆಗೆ ಕುಸುಮಕ್ಕ ಮುಂಬಯಿಯಿಂದ ತಂದ ದೊಡ್ಡ ದೊಡ್ಡ ಹೂವಿನ ಸೀರೆ ಉಟ್ಟು ಬಂದು, ಹೇಗಿದೆ ಎಂದು ಅತ್ತೆಯನ್ನು ಕೇಳಿದರಂತೆ. ಚೆಂದವೇ ಇದೆ, ಕಿಟಕಿಗೆ ಕಟ್ಟಿದರೆ ಇನ್ನೂ ಚೆಂದ ಎಂದಳಂತೆ ಅತ್ತೆ. ಅದು ನಾಲ್ಕು ಜನರ ಎದುರು. ಕುಸುಮಕ್ಕ "ಚಲ್ ಹಟ್" ಎಂದು ಕೈಬೀಸಿ ಹೋದವರು ಮತ್ತೆ ಮಾತಾಡಲಿಲ್ಲ. ಅತ್ತೆಯೂ ಮಾತಾಡಿಸಲಿಲ್ಲ.

ಮಾತು ನಿಂತಿತು, ಆದರೆ ಸಂಪರ್ಕ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸುವಾಗ ಅತ್ತೆ ಆ ಮನೆಯ ಕಡೆ ಒಮ್ಮೆ ಮೂತಿ ತಿರುಗಿಸುವಳು. ಅವರು ತುಳಸಿಗೆ ನೀರು ಹಾಕುತ್ತ ಕತ್ತು ಕೊಂಕಿಸಿ ಉತ್ತರ ಕೊಡುವರು. ಒಬ್ಬರು ಜೋರಾಗಿ ಕಾಗೆಗೆ ಬೈದರೆ ಇನ್ನೊಬ್ಬರು ಬೆಕ್ಕಿಗೆ ಬೈಯುವರು. ಮಾವ ತೀರಿಹೋದಾಗ ಕುಸುಮಕ್ಕ ನಮ್ಮ ಬೇಲಿಯ ದಣಪೆಯವರೆಗೆ ಬಂದು, ಒಳಗೆ ಬಾರದೆ, ಅಲ್ಲೇ ಬಹಳ ಹೊತ್ತು ನಿಂತಿದ್ದರು. ಅತ್ತೆ ಅದನ್ನು ನೋಡಿದಳು ಎಂದು ನನಗೆ ಗೊತ್ತು. ಆಮೇಲೆ ಕೆಲವು ದಿನ ಬೆಳಿಗ್ಗೆ ಮೂತಿ ತಿರುಗಿಸುವುದು ಎರಡೂ ಕಡೆ ನಿಂತಿತ್ತು. ಮತ್ತೆ ಶುರುವಾದಾಗ, ಅತ್ತೆ ಸ್ವಲ್ಪ ಚೇತರಿಸಿಕೊಂಡಳು ಅಂತ ನಮಗೆಲ್ಲ ಸಮಾಧಾನವಾಯಿತು.

ಕಳೆದ ಬೇಸಿಗೆಯಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಬದಿಯಿಂದ ಇಳಿದು ಹೋಯಿತಂತೆ. ಮಗ ಸತೀಶ ಕೋಟೇಶ್ವರದಲ್ಲಿ ಅಂಗಡಿ ಇಟ್ಟವನು, ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವಳನ್ನು ಆಸ್ಪತ್ರೆಗೆ ಒಯ್ದದ್ದರಿಂದ ಜೀವ ಉಳಿಯಿತು. ನಾನು ಶಾಲೆಗೆ ರಜೆ ಇದ್ದದ್ದರಿಂದ ಬೀಜಾಡಿಗೆ ಹೋಗಿ ನಿಂತೆ. ಮನೆಗೆ ಕರೆತಂದಾಗ ಅತ್ತೆಯ ಬಲಗೈ ಎತ್ತಲಾಗುತ್ತಿರಲಿಲ್ಲ. ಮಾತು ಗಂಟಲಲ್ಲೇ ಮುದ್ದೆಯಾಗುತ್ತಿತ್ತು. ಎಲ್ಲಕ್ಕಿಂತ, ಆ ಮುಖ. ಬಲಗಡೆಯ ತುಟಿ, ಕೆನ್ನೆ, ರೆಪ್ಪೆ ಎಲ್ಲ ಜಾರಿ, ಇಡೀ ಊರನ್ನು ಹದ್ದುಬಸ್ತಿನಲ್ಲಿ ಇಟ್ಟ ಮುಖ ಯಾರದೋ ಮುಖದ ಹಾಗೆ ಮಲಗಿತ್ತು.

ತುಟಿಗೆ ಕೆಲಸ ಕೊಡಿ, ಕೆನ್ನೆ ಊದಿಸಲಿ, ಪ, ಬ, ಮ ಹೇಳಿಸಿ, ಮೊದಲ ಕೆಲವು ತಿಂಗಳಲ್ಲಿ ಮಾಡಿದ್ದೇ ಲಾಭ ಎಂದು ಡಾಕ್ಟರು ಹೇಳಿದ್ದರು. ಕುಂದಾಪುರದಿಂದ ಸ್ಕೂಟಿಯಲ್ಲಿ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಬರುತ್ತಿದ್ದಳು. ಬಹಳ ಒಳ್ಳೆಯವಳು. ಅತ್ತೆ ಬೆರಳು ಅಲುಗಿಸಿದರೆ ಚಪ್ಪಾಳೆ ತಟ್ಟಿ, ವೆರಿಗುಡ್ ಅಜ್ಜಿ, ಎಷ್ಟು ಚೆಂದ ಮಾಡ್ತೀರಿ ಎನ್ನುವಳು. ಅತ್ತೆ ಕಣ್ಣು ಮುಚ್ಚಿಕೊಳ್ಳುವಳು. ಊರಿನವರು ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದರು. ಅತ್ತೆಯ ಒಂದು "ಹುಂ"ಗೆ ಹೆದರಿ ದಾರಿ ಬದಲಿಸುತ್ತಿದ್ದವರೆಲ್ಲ ಮಂಚದ ಪಕ್ಕ ಕೂತು, ಪಾಪ, ಹೇಗಿದ್ದವಳು ಹೇಗಾದಳು ಎಂದು ತಲೆ ಸವರಿ ಹೋದರು. ಅವರದ್ದು ನಿಜವಾದ ಕನಿಕರವೇ. ಆದರೆ ಆ "ಪಾಪ" ಒಂದೊಂದಾಗಿ ಬಿದ್ದ ಹಾಗೆ ಅತ್ತೆ ಗೋಡೆಯ ಕಡೆಗೆ ತಿರುಗುತ್ತ ಹೋದಳು. ಕೊನೆಗೆ ಕೆನ್ನೆ ಊದಿಸುವುದನ್ನೂ ಬಿಟ್ಟಳು, ಗಂಜಿಯನ್ನೂ ಬಿಟ್ಟಳು. ಸತೀಶ ಬಾಯಿಗೆ ಚಮಚ ಹಿಡಿದು ಅಂಗಲಾಚುವುದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಅವಳು ಹೀಗೇ ಹೋಗಿಬಿಡುತ್ತಾಳೆ ಅನ್ನಿಸಿತ್ತು ನನಗೆ.

ಅಂಥ ಒಂದು ಸಂಜೆ ಕುಸುಮಕ್ಕ ದಣಪೆ ದಾಟಿ ಒಳಗೆ ಬಂದರು. ಆ ಸೀರೆಯ ಜಗಳದ ಮೇಲೆ ಅವರು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಕೋಣೆಯ ಬಾಗಿಲಲ್ಲಿ ನಿಂತು ಅತ್ತೆಯನ್ನು ನೋಡಿದರು. ಅತ್ತೆಯೂ ನೋಡಿದಳು. ಕುಸುಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಬಂದ ಹಾಗೇ ಹೊರಟುಹೋದರು. ಅತ್ತೆಯ ಒಂದು ಕಣ್ಣಿನಿಂದ ನೀರು ಇಳಿದು ತಲೆದಿಂಬಿಗೆ ಹೋಯಿತು.

ಮರುದಿನ ಬೆಳಿಗ್ಗೆ ಅತ್ತೆಯ ಕಿಟಕಿಯ ನೇರಕ್ಕೆ, ಕುಸುಮಕ್ಕನ ಅಂಗಳದಿಂದ ದೊಡ್ಡ ಸ್ವರ ಕೇಳಿಸಿತು.

"ಏ ಸತೀಶಾ, ನಿನ್ನ್ ಅಬ್ಬಿಗೆ ಹೇಳ್, ಕೆಲ್ಸ ತಪ್ಸುಕೆ ಮನಿಕಂಡದ್ದ್ ಸಾಕ್ ಅಂದೇಳಿ. ಅಂಗಳ ಕಾಂಬುಕೆ ಆತಿಲ್ಲ, ಕಸದ ಗುಡ್ಡಿ ಆಯ್ತ್."

ಸತೀಶ ಅಂಗಿ ಹಾಕಿಕೊಳ್ಳುತ್ತಿದ್ದವನು ಹಾಗೇ ಹೊರಗೆ ಧುಮುಕಿದ. ನನ್ನ ತಾಯಿಗೆ ಹೀಗನ್ನುವ ಇವರು ಮನುಷ್ಯರಾ, ಇವತ್ತು ಎರಡರಲ್ಲಿ ಒಂದು ತೀರ್ಮಾನವಾಗಲಿ ಎಂದು ಹೊರಟೇಬಿಟ್ಟ. ನಾನು ಅವನ ತೋಳು ಹಿಡಿದು ಎಳೆದೆ. ಒಳಗಿಂದ ಒಂದು ಶಬ್ದ ಬಂದಿತ್ತು. ಇಬ್ಬರೂ ಕೋಣೆಗೆ ಓಡಿದೆವು. ಅತ್ತೆ ಗೋಡೆಯಿಂದ ಕಿಟಕಿಯ ಕಡೆಗೆ ತಿರುಗಿದ್ದಳು. ಮೂಗಿನ ಹೊಳ್ಳೆ ಅರಳಿತ್ತು. ಎಡಗಡೆಯ ತುಟಿ ಹೊರಳಿತು, ಬಲಗಡೆಯದ್ದು ಹೊರಳಲು ನೋಡಿ ನಡುಗಿತು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಅತ್ತೆ ಇದ್ದಳು. ಆ ಬೆಳಿಗ್ಗೆ ಒಂದು ಲೋಟ ಗಂಜಿ ಪೂರ್ತಿ ಹೋಯಿತು.

ನಾನು ಮಧ್ಯಾಹ್ನ ಮೆಲ್ಲನೆ ಕುಸುಮಕ್ಕನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಹುಣಿಸೆ ಹಣ್ಣಿನ ಬೀಜ ತೆಗೆಯುತ್ತಿದ್ದರು. ನಾನು ಬೈಯಲು ಬಂದೆ ಅಂದುಕೊಂಡರೋ ಏನೋ, ತಲೆ ಎತ್ತಲಿಲ್ಲ. ಅತ್ತೆ ಗಂಜಿ ಕುಡಿದಳು ಎಂದೆ. ಅವರ ಕೈ ನಿಂತಿತು.

"ನಿನ್ನೆ ನಾ ಒಳ್ಗ್ ಬಂದಾಗ, ನನ್ನ್ ಕಂಡ್ ಮೋರಿ ತಿರ್ಗ್ಸುಕೆ ಹೋದ್ಲ್" ಎಂದರು. "ಆಯ್ಲಿಲ್ಲ ಅವ್ಳಿಗೆ. ಅದನ್ನ್ ಕಾಂಬುಕೆ ನನ್ನ್ ಹತ್ರ ಆತಿಲ್ಲ ಮಗಾ."

ಮರುದಿನದಿಂದ ಕುಸುಮಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನಮ್ಮ ಕಿಟಕಿಯ ಹೊರಗೆ ಸೂರಿನಡಿ ಹಾಕಿಕೊಂಡು ಕೂರತೊಡಗಿದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಅಲ್ಲಿಂದಲೇ ಶುರು. ತಮ್ಮ ಸೊಸೆ ಹಾಕಿದ ಉಪ್ಪಿನಕಾಯಿಯ ಮುಂದೆ ಈ ಮನೆಯ ಉಪ್ಪಿನಕಾಯಿ ಏನೂ ಅಲ್ಲ ಎನ್ನುವರು. ಈ ಮನೆಯ ತೆಂಗಿನಕಾಯಿಗಳು ಲಿಂಬೆಹಣ್ಣಿನ ಹಾಗಿವೆ ಎನ್ನುವರು. ಅತ್ತೆಯ ಮಂಡೆ ಮೊದಲೂ ಸಮ ಇರಲಿಲ್ಲ, ಈಗ ಲಕ್ವದ ಹೆಸರು ಸಿಕ್ಕಿತು ಅಷ್ಟೇ ಎನ್ನುವರು. ಅತ್ತೆ ಒಳಗಿಂದ ತುಟಿ, ಹುಬ್ಬು, ಮೂಗು, ಇದ್ದ ಎಡಗೈ ಎಲ್ಲವನ್ನೂ ಉಪಯೋಗಿಸಿ ಉತ್ತರ ಕೊಡುವಳು. ಸಾಲದಾದಾಗ ಬಲಗೈಯನ್ನೂ ಎತ್ತಲು ನೋಡುವಳು. ಫಿಸಿಯೋಥೆರಪಿಯ ಹುಡುಗಿ ಮೊದಲ ದಿನ ಬೆಚ್ಚಿಬಿದ್ದು, ಪೇಶೆಂಟಿಗೆ ಹೀಗೆಲ್ಲ ಬೇಜಾರು ಮಾಡಬಾರದು ಎಂದು ನನ್ನನ್ನು ಬದಿಗೆ ಕರೆದು ಹೇಳಿದಳು. ಒಂದು ವಾರ ಕಳೆದ ಮೇಲೆ ತಾನು ಬರುವ ಹೊತ್ತನ್ನು ಕುಸುಮಕ್ಕ ಬರುವ ಹೊತ್ತಿಗೆ ಸರಿಮಾಡಿಕೊಂಡಳು.

ಮಾತು ಮಾತ್ರ ಬರಲಿಲ್ಲ. ಪ, ಬ, ಮ ಎಂದು ನಾನು ಒಂದನೆಯ ಕ್ಲಾಸಿನ ಟೀಚರಿನ ಹಾಗೆ ಹೇಳಿಕೊಡುತ್ತಿದ್ದೆ. ಅತ್ತೆ ನನ್ನ ಬಾಯನ್ನೇ ನೋಡುವಳು, ಬರೀ ಗಾಳಿ ಬರುತ್ತಿತ್ತು. ಮಳೆ ಹಿಡಿಯುವ ಹೊತ್ತಿಗೆ ಕುಸುಮಕ್ಕನ ಮಗ ಮುಂಬಯಿಯಿಂದ ಕಾರಿನಲ್ಲಿ ಬಂದಿಳಿದ. ಹೊಸ ಕಾರು, ಬಿಳಿ ಬಣ್ಣದ್ದು, ಎದುರಿಗೆ ಮಲ್ಲಿಗೆ ಮಾಲೆ. ಕುಸುಮಕ್ಕ ಅಂದು ಕುರ್ಚಿಯಲ್ಲಿ ಕೂರಲೂ ಇಲ್ಲ. ಕಿಟಕಿಯ ಸರಳು ಹಿಡಿದು ನಿಂತು ಕಾರಿನ ಬಣ್ಣ, ಕಾರಿನ ಸೀಟು, ಕಾರಿನೊಳಗೆ ಬರುವ ತಣ್ಣನೆಯ ಗಾಳಿ, ಎಲ್ಲವನ್ನೂ ವರ್ಣಿಸಿದರು. ಇಂಥ ಕಾರು ಬೀಜಾಡಿಯಲ್ಲೇ ಇಲ್ಲ ಎಂದರು. ಅತ್ತೆ ಪೂರ್ತಿ ಕೇಳಿದಳು. ಕಿಟಕಿಯಿಂದಾಚೆ ಕಾರನ್ನು ನೋಡಿದಳು. ತುಟಿಗಳು ಒಂದಕ್ಕೊಂದು ಮುಟ್ಟಿದವು.

"ಬಾಡ್ಗಿದಾ?" ಎಂದಳು.

ಸ್ಪಷ್ಟವಾಗಿ. ಸತೀಶ ಕೈಯಲ್ಲಿದ್ದ ಚಾ ಲೋಟ ಹಿಡಿದುಕೊಂಡೇ ನಿಂತುಬಿಟ್ಟ. ಕುಸುಮಕ್ಕನ ಮುಖ ಮೊದಲು ಸಿಟ್ಟಿಗೆ ಕೆಂಪಾಯಿತು. ಆಮೇಲೆ ಸರಳು ಹಿಡಿದುಕೊಂಡೇ ಕೆಳಗೆ ಕುಸಿದು ಕೂತರು. ಹೊರಗೆ ಹೋಗಿ ನೋಡಿದರೆ ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಒಂದೊಂದೇ ಮಾತು ಬಂದವು, ಹೆಚ್ಚಿನವು ಬೈಗುಳವೇ. ನನ್ನ ಶಾಲೆ ಶುರುವಾದ್ದರಿಂದ ನಾನು ಕೋಟಕ್ಕೆ ಮರಳಿದೆ. ಭಾನುವಾರ ಬಸ್ಸು ಹಿಡಿದು ಬಂದಾಗೆಲ್ಲ ಒಂದಿಷ್ಟು ಸುಧಾರಣೆ ಕಾಣುತ್ತಿತ್ತು. ಅತ್ತೆ ಕೂತಳು, ನಿಂತಳು, ವಾಕರ್ ಹಿಡಿದು ಜಗಲಿಯವರೆಗೆ ಬಂದಳು. ಬಲಗಡೆಯ ತುಟಿ ಇನ್ನೂ ಸ್ವಲ್ಪ ಹಿಂದೆ ಉಳಿಯುತ್ತದೆ. ಹಾಗಾಗಿ ಈಗ ಅವಳ ತಾತ್ಸಾರ ಮೊದಲಿಗಿಂತ ಒಂದು ಗಳಿಗೆ ತಡವಾಗಿ ಮುಗಿಯುತ್ತದೆ, ನೋಡುವವರಿಗೆ ಇನ್ನೂ ಕಷ್ಟ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ನಾನು ಹೋದಾಗ ಕಿಟಕಿಯ ಹೊರಗಿನ ಕುರ್ಚಿ ಖಾಲಿ ಇತ್ತು. ಕುಸುಮಕ್ಕನಿಗೆ ಜ್ವರ, ಗಂಟುಗಂಟು ಹಿಡಿದುಕೊಂಡಿದೆ, ಹಾಸಿಗೆಯಿಂದ ಏಳುತ್ತಿಲ್ಲ ಎಂದು ಸತೀಶ ಹೇಳಿದ. ಸ್ವಲ್ಪ ಹೊತ್ತಿಗೆ ಅವರ ಸೊಸೆಯೇ ಬಂದಳು. ಔಷಧ ಕೊಟ್ಟಿದ್ದಾರೆ, ಹೆದರುವಂಥದ್ದೇನೂ ಇಲ್ಲ, ಆದರೆ ತನ್ನ ಅತ್ತೆ ಬಾಯಿಗೆ ಏನೂ ಮುಟ್ಟಿಸುತ್ತಿಲ್ಲ, ಯಾರು ಹೇಳಿದರೂ ಕೇಳುತ್ತಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡಳು. ಜಲಜತ್ತೆ ಕೇಳಿಸಿಕೊಂಡಳು. ವಾಕರನ್ನು ಹತ್ತಿರ ಎಳೆದುಕೊಂಡು ಎದ್ದಳು.

ಜಗಲಿಯಿಂದ ಇಳಿದಾಗ ನಾನು ತೋಳು ಹಿಡಿಯಲು ಹೋದೆ. ಮೊಣಕೈಯಿಂದ ನನ್ನನ್ನು ದೂಡಿದಳು. ದಣಪೆಯ ಆಚೆ ಮರಳು. ವಾಕರಿನ ಕಾಲುಗಳು ಹೂತುಹೋಗುತ್ತಿದ್ದವು. ಒಂದೊಂದು ಸಲವೂ ಅದನ್ನು ಕಿತ್ತು ಮುಂದೆ ಇಟ್ಟು, ನಿಂತು ಉಸಿರು ತೆಗೆದುಕೊಂಡು, ಮತ್ತೆ ಕಿತ್ತಳು. ನಾವು ಮಕ್ಕಳಾಗಿದ್ದಾಗ ಒಂದೇ ನೆಗೆತಕ್ಕೆ ದಾಟುತ್ತಿದ್ದ ಓಣಿ ಅದು. ಸತೀಶ ಹಿಂದೆ, ಸೊಸೆ ಮುಂದೆ, ನಾನು ಬದಿಯಲ್ಲಿ, ಮೂವರೂ ಕೈ ಚಾಚಿಕೊಂಡು ಮುಟ್ಟದೆ ನಡೆದೆವು.

ಒಳಕೋಣೆಯಲ್ಲಿ ಕುಸುಮಕ್ಕ ಚಾದರ ಹೊದ್ದು ಮಲಗಿದ್ದರು. ಜ್ವರಕ್ಕೆ ಮುಖ ಬತ್ತಿತ್ತು. ವಾಕರಿನ ಸದ್ದಿಗೆ ಕಣ್ಣು ತೆರೆದು, ಬಾಗಿಲಲ್ಲಿ ನಿಂತವಳನ್ನು ನೋಡಿ, ಏಳಲು ನೋಡಿದರು. ಆಗಲಿಲ್ಲ. ಅತ್ತೆ ಈಗ ಏನು ಹೇಳುತ್ತಾಳೋ ಎಂದು ನಾನು ಅವಳ ತುಟಿಯನ್ನೇ ನೋಡಿದೆ. ಅವಳ ಹತ್ತಿರ ಹೇಳಲು ಬೇಕಾದಷ್ಟು ಇತ್ತು. ಮಳೆಗಾಲವಿಡೀ ಕಿಟಕಿಯಿಂದ ಕೇಳಿಸಿಕೊಂಡವಳು.

ಅತ್ತೆ ಮಂಚದ ಅಂಚಿನಲ್ಲಿ ಕೂತಳು. ದಮ್ಮು ಹತ್ತಿತ್ತು. ಅದು ಇಳಿದ ಮೇಲೆ ಕೇಳಿದಳು.

"ಗಂಜಿ ಉಣ್ಲಿಲ್ಲ ಅಂಬ್ರಲೆ. ಎಂತಕೆ ಹೆಣೇ?"

"ಹೆಣೇ" ಎಂದರೆ ನಮ್ಮ ಕಡೆ ಗೆಳತಿಯನ್ನು ಸಲಿಗೆಯಿಂದ ಕರೆಯುವ ಮಾತು. ಇಂಥ ಮಾತಿಗೆ ಕುಸುಮಕ್ಕನ ಹತ್ತಿರ ಕನ್ನಡದಲ್ಲೂ ಏನೂ ಇರಲಿಲ್ಲ, ಹಿಂದಿಯಲ್ಲೂ ಇರಲಿಲ್ಲ. ಬಾಯಿ ಕಹಿ ಎಂದರು ಕೊನೆಗೆ, ಸಣ್ಣ ಮಗುವಿನ ಸ್ವರದಲ್ಲಿ. ಅತ್ತೆ ಸೊಸೆಯ ಕಡೆ ನೋಡಿದಳು. ಸೊಸೆ ಬಿಸಿ ಗಂಜಿಯ ಬಟ್ಟಲು ತಂದಳು. ನಾನು ತಿನ್ನಿಸುತ್ತೇನೆ ಎಂದು ಕೈ ಮುಂದೆ ಮಾಡಿದೆ. ಅತ್ತೆ ಕೊಡಲಿಲ್ಲ. ಬಟ್ಟಲನ್ನು ಮಡಿಲಲ್ಲಿ ಇಟ್ಟು ಎಡಗೈಯಿಂದ ಒತ್ತಿ ಹಿಡಿದು, ಚಮಚವನ್ನು ಬಲಗೈಯಲ್ಲಿ ತೆಗೆದುಕೊಂಡಳು. ಆ ಕೈ ಎದೆಯ ಮಟ್ಟಕ್ಕೆ ಏರುವುದೇ ಅಪರೂಪ. ಮೊದಲ ಚಮಚ ಚಾದರಕ್ಕೆ ಹೋಯಿತು. ಎರಡನೆಯದು ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು. ಯಾರೂ ಒರೆಸಲು ಹೋಗಲಿಲ್ಲ. ಅತ್ತೆ ಮತ್ತೆ ತುಂಬಿಸಿ, ನಡುಗುತ್ತ ನಡುಗುತ್ತ ಎತ್ತಿದಳು. ಕುಸುಮಕ್ಕ ದಿಂಬಿನಿಂದ ಸ್ವಲ್ಪ ತಲೆ ಎತ್ತಿ, ಬಾಯಿ ತೆರೆದು, ಚಮಚ ಬಂದು ಮುಟ್ಟುವವರೆಗೂ ಹಾಗೇ ಕಾದರು.